ಕಸಿ ಹಿಡಿದ ದಿನ

ಬೆಳಿಗ್ಗೆ ಪಂಜರ ತೆಗೆದಾಗ 7ನೇ ನಂಬರಿನ ಇಲಿ ಎಡಗಾಲು ಊರುತ್ತಿರಲಿಲ್ಲ. ಹಿಂದಿನ ದಿನ ಸ್ವಲ್ಪ ಕುಂಟುತ್ತಿತ್ತು, ಅಷ್ಟೇ. ನಮ್ಮ ಲ್ಯಾಬಿನ ಅನಿಮಲ್ ಹೌಸ್ ನೋಡಿಕೊಳ್ಳುವ ಅಣ್ಣ ಶ್ರೀನಿವಾಸಪುರದ ಕಡೆಯವರು, ಮನೆಯಲ್ಲಿ ಮಾವಿನ ತೋಟ. ಇಲಿಗೆ ಹಾಕಿದ ಕ್ಯಾನ್ಸರ್ ಕೋಶ ಬೇರೂರಿತಾ ಅನ್ನುವುದನ್ನೇ "ಕಸಿ ಹಿಡೀತಾ ಮೇಡಂ?" ಅಂತ ದಿನವೂ ಕೇಳುತ್ತಿದ್ದರು. ಅವತ್ತು ಕೇಳಲಿಲ್ಲ.

ಇವು ಥೈಮಸ್ ಗ್ರಂಥಿ ಇಲ್ಲದೆ ಹುಟ್ಟುವ ಇಲಿಗಳು. ಹೊರಗಿನದ್ದನ್ನು ಗುರುತಿಸಿ ಕೊಲ್ಲುವ ಟಿ ಕೋಶಗಳ ಕಾವಲು ಇಲ್ಲದ್ದರಿಂದ ಮನುಷ್ಯರ ಕ್ಯಾನ್ಸರ್ ಕೋಶ ಹಾಕಿದರೂ ಮೈ ಅದನ್ನು ಹೊರಗೆ ತಳ್ಳುವುದಿಲ್ಲ. ಹಾಗಂತ ಎಲ್ಲ ಕೋಶವೂ ಬೇರೂರುವುದಿಲ್ಲ. ಮೊದಲು ಹಾಕಿದ್ದು ಸಾವೋಸ್-2 ಅನ್ನುವ ಕೋಶಗಳನ್ನು. 1973ರಲ್ಲಿ 11 ವರ್ಷದ ಹುಡುಗಿಯೊಬ್ಬಳ ಮೂಳೆ ಕ್ಯಾನ್ಸರಿನ ಗಡ್ಡೆಯಿಂದ ಬೆಳೆಸಿದ್ದು. ಲ್ಯಾಬಿನ ಪ್ಲೇಟಿನಲ್ಲಿ ಸೊಗಸಾಗಿ ಬೆಳೆಯಿತು. ಇಲಿಯಲ್ಲಿ ಎರಡು ತಿಂಗಳು ಕಾದರೂ ಏನೂ ಇಲ್ಲ. ಆಮೇಲೆ 143ಬಿ ಕೋಶಗಳನ್ನು ಮೊಣಕಾಲಿನ ಕೆಳಗೆ, ಮೂಳೆಯ ಒಳಗೇ ಚುಚ್ಚಿದೆವು. ಇದೂ ಒಂದು ಮಗುವಿನದೇ, 13 ವರ್ಷದ ಹುಡುಗಿಯದು. ಆ ವಯಸ್ಸುಗಳನ್ನು ಓದಿದಾಗೆಲ್ಲ ನನಗೆ ಹೊಟ್ಟೆ ಕಿವುಚುತ್ತದೆ.

7ನೇ ಇಲಿಯ ಎಕ್ಸ್‌ರೇ ತೆಗೆದೆವು. ಮೂಳೆಯ ಅಂಚು ಗೆದ್ದಲು ತಿಂದ ಹಲಗೆಯ ಹಾಗಿತ್ತು. ಗಡ್ಡೆ ಬಂದಿದೆ ಅನ್ನುವುದರಲ್ಲಿ ಅನುಮಾನವೇ ಇಲ್ಲ. ಆದರೆ ಕಾಲಿನ ಗಡ್ಡೆ ಮಾತ್ರ ನಮಗೆ ಸಾಕಾಗುವುದಿಲ್ಲ. ಈ ಕಾಯಿಲೆಯಲ್ಲಿ ಮಕ್ಕಳ ಜೀವ ತೆಗೆಯುವುದು ಜಾಸ್ತಿ ಶ್ವಾಸಕೋಶಕ್ಕೆ ಹರಡಿದ ಕ್ಯಾನ್ಸರ್. ಕೀಮೋ ಬರುವ ಮುಂಚೆ ಕಾಲು ತೆಗೆದುಹಾಕಿದರೂ ಐದು ಜನರಲ್ಲಿ ಒಬ್ಬರು ಉಳಿದರೆ ಹೆಚ್ಚು. ಔಷಧಿ ಪರೀಕ್ಷಿಸಬೇಕಾದರೆ ಇಲಿಯಲ್ಲೂ ರೋಗ ಅದೇ ದಾರಿ ಹಿಡಿಯಬೇಕು, ಅಲ್ವಾ?

ಕಾಲು ಊರಲಾಗದ ಇಲಿಯನ್ನು ಇನ್ನೊಂದು ದಿನವೂ ಇಟ್ಟುಕೊಳ್ಳುವ ಹಾಗಿಲ್ಲ. ಅದು ನಿಯಮ, ನನ್ನ ಮನಸ್ಸೂ ಅದೇ. ಅಣ್ಣ ಅದನ್ನು ಅಂಗೈಲಿ ಹಿಡಿದು ಬೆನ್ನು ಸವರಿದರು. ಜೋರು ಅರಿವಳಿಕೆ ಕೊಟ್ಟೆ. ಉಸಿರು ನಿಧಾನವಾಗಿ ನಿಂತಿತು.

ಎದೆ ತೆರೆದು ನೋಡಿದೆ. ಗುಲಾಬಿ ಬಣ್ಣದ ಶ್ವಾಸಕೋಶದ ಅಂಚಿನಲ್ಲಿ ಮೂರು ಬಿಳಿ ಚುಕ್ಕೆ. ಸಾಸಿವೆ ಕಾಳಿಗಿಂತ ಸಣ್ಣವು. ಕಾಲಿನ ಕೋಶ ಅಲ್ಲಿಯವರೆಗೂ ಹೋಗಿತ್ತು. ಎರಡು ವರ್ಷದಿಂದ ಹುಡುಕುತ್ತಿದ್ದದ್ದು ಅದೇ. ಕೈ ನಡುಗಿತು.

ತಡ ಮಾಡುವ ಹಾಗಿರಲಿಲ್ಲ, ಈ ಗಡ್ಡೆಯನ್ನು ಉಳಿಸಿಕೊಳ್ಳಬೇಕಿತ್ತು. ಕಾಲಿನ ಗಡ್ಡೆಯನ್ನು ಒಂದೆರಡು ಮಿಲಿಮೀಟರಿನ ಚೂರುಗಳಾಗಿ ಕತ್ತರಿಸಿ, ಒಂದಿಷ್ಟನ್ನು ದ್ರವ ಸಾರಜನಕಕ್ಕೆ ಇಳಿಸಲು ಎತ್ತಿಟ್ಟೆ. ಉಳಿದದ್ದನ್ನು ಇಬ್ಬರು ಸೇರಿ ಎರಡು ಹೊಸ ಇಲಿಗಳ ಮೂಳೆಯೊಳಗೆ ಕೂರಿಸಿ ಹೊಲಿಗೆ ಹಾಕಿದೆವು. ನೋವಿನ ಇಂಜೆಕ್ಷನ್ ಕೊಟ್ಟು ಎಚ್ಚರ ಆಗುವ ತನಕ ಪಕ್ಕದಲ್ಲೇ ಕೂತೆ.

ಅಣ್ಣ ಪಂಜರಗಳಿಗೆ ಹೊಸ ಚೀಟಿ ಸಿಕ್ಕಿಸಿದರು. 7ನೇ ನಂಬರನ್ನು ಮತ್ತೆ ಯಾವ ಇಲಿಗೂ ಕೊಡಲಿಲ್ಲ.