ಬ್ಲಡ್ ಬೌಲ್: ಗುದ್ದಾಟವೋ, ಓಟವೋ?
ಬ್ಲಡ್ ಬೌಲ್ ಅಂದರೆ ಚೌಕಗಳ ಮೈದಾನದ ಮೇಲೆ ಪುಟ್ಟ ಬೊಂಬೆಗಳನ್ನು ನಡೆಸಿ, ದಾಳ ಉರುಳಿಸಿ ಆಡುವ, ಅಮೆರಿಕನ್ ಫುಟ್‌ಬಾಲ್ ಥರದ ಬೋರ್ಡ್ ಆಟ. ಇದಕ್ಕೆ ಹೊಸದಾಗಿ ಬರುವವರು ಯಾವ ತಂಡ ಬಲಶಾಲಿ ಅಂತ ಕೇಳುತ್ತಾರೆ. ನಿಮಗೆ ಗುದ್ದೋದು ಇಷ್ಟವೋ ಓಡೋದು ಇಷ್ಟವೋ, ಅದನ್ನು ಮೊದಲು ನೋಡಿ.

ಗುದ್ದಾಟ ಬೇಕಾದರೆ ಡ್ವಾರ್ಫ್, ಅಂದರೆ ಕುಳ್ಳರ ತಂಡ. ನಿಧಾನ ನಿಜ, ಆದರೆ 2020ರ ಆವೃತ್ತಿಯಲ್ಲಿ ಹೆಚ್ಚಿನವರಿಗೆ ಶುರುವಿನಿಂದಲೇ ಬ್ಲಾಕ್ ಕೌಶಲ ಇದೆ, ಅಂದರೆ ದಾಳದಲ್ಲಿ ಇಬ್ಬರೂ ಬೀಳಬೇಕು ಅಂತ ಬಂದರೂ ನಿಮ್ಮವನು ನಿಂತೇ ಇರುತ್ತಾನೆ. ಈ ಆಟದಲ್ಲಿ ನಿಮ್ಮ ಸರದಿಯಲ್ಲಿ ನಿಮ್ಮವನೇ ಬಿದ್ದರೆ ಸರದಿ ಅಲ್ಲಿಗೇ ಮುಗೀತು. ಹಾಗಾಗಿ ಹೊಸಬರಿಗೆ ಇದು ದೊಡ್ಡ ಆಸರೆ.

ಇಲಿ-ಮನುಷ್ಯರ ತಂಡ ಸ್ಕೇವೆನ್ ಪೂರ್ತಿ ಉಲ್ಟಾ. ಅದರ ಓಟಗಾರ ಗಟರ್ ರನ್ನರ್ 9 ಚೌಕ ಓಡುತ್ತಾನೆ, ಎರಡೇ ಸರದಿಯಲ್ಲಿ ಟಚ್‌ಡೌನ್, ಅಂದರೆ ಎದುರಾಳಿಯ ತುದಿಗೆ ಚೆಂಡು ಮುಟ್ಟಿಸಿ ಅಂಕ! ಆದರೆ ಕವಚ ತೆಳು, ಒಳ್ಳೆ ಆಟಗಾರ ಸತ್ತೇ ಹೋಗಬಹುದು, ಅದನ್ನು ತಡ್ಕೊಳ್ಳೋ ಮನಸ್ಸು ಬೇಕು ಅಲ್ವಾ?

ನನಗಂತೂ ಕಾಡಿನ ಎಲ್ಫ್‌ಗಳ ತಂಡ ವುಡ್ ಎಲ್ಫ್. ಅದರ ವಾರ್‌ಡ್ಯಾನ್ಸರ್ ಅನ್ನೋ ಆಟಗಾರ ಎದುರಾಳಿಗಳ ತಲೆ ಮೇಲಿಂದ ಹಾರಿ ಚೆಂಡು ಕಸಿಯುವಾಗ ಸಿಗುವ ಖುಷಿ ಬೇರೆ ಯಾವ ತಂಡದಲ್ಲೂ ಸಿಕ್ಕಿಲ್ಲ.