ಫ್ರೀಡ್ರಿಕ್‌ನ ಮರಗಳನ್ನು ನೋಡಲು ಹೊರಟವರಿಗೆ

ಜರ್ಮನಿಯ ಚಿತ್ರಕಾರ ಕಾಸ್ಪರ್ ಡೇವಿಡ್ ಫ್ರೀಡ್ರಿಕ್‌ನ (1774–1840) ಚಿತ್ರಗಳನ್ನು ನೋಡುವ ಆಸೆ ಇದ್ದರೆ ಚಳಿಗಾಲದಲ್ಲೇ ಹೋಗಿ. ಚಳಿ ಜಾಸ್ತಿ, ನಿಜ. ಆದರೆ ಎಲೆ ಉದುರಿದ ಓಕ್ ಮರವನ್ನು ಕಣ್ಣಾರೆ ಕಂಡ ಮೇಲೆ ಅವನು ಬರೆದ ಕೊಂಬೆಗಳು ಬೇರೆಯೇ ಆಗಿ ಕಾಣುತ್ತವೆ. ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೆಲ್ಲ ಸೂರ್ಯ ಮುಳುಗುತ್ತಾನೆ. ಹಾಗಾಗಿ ಹೊರಗಿನ ಓಡಾಟವನ್ನು ಬೆಳಿಗ್ಗೆಯೇ ಮುಗಿಸಿ.

ಬರ್ಲಿನ್‌ನಿಂದ ಶುರು ಮಾಡುವುದು ಒಳ್ಳೆಯದು. ಮ್ಯೂಸಿಯಂ ಐಲ್ಯಾಂಡಿನ ಆಲ್ಟೆ ನ್ಯಾಷನಲ್ ಗ್ಯಾಲರಿಯಲ್ಲಿ ನೇರವಾಗಿ ಮೇಲಿನ ಮಹಡಿಗೆ ಹೋಗಿ. ಅಲ್ಲಿರುವ ‘ಒಂಟಿ ಮರ’ (1822) ದೊಡ್ಡ ಚಿತ್ರವೇನಲ್ಲ. ಬಯಲಿನ ನಡುವೆ ಹಳೆಯ ಓಕ್. ಅದರ ತುದಿ ಒಣಗಿದೆ, ಕೆಳಗೆ ಇನ್ನೂ ಹಸಿರಿದೆ. ಬುಡಕ್ಕೆ ಒರಗಿ ನಿಂತ ಕುರುಬ ಮೊದಲ ನೋಟಕ್ಕೆ ಕಾಣುವುದೇ ಇಲ್ಲ. ಸಾವು ಮತ್ತು ಬದುಕು ಒಂದೇ ಮರದಲ್ಲಿ! ನಾನು ತುಂಬಾ ಹೊತ್ತು ಅಲ್ಲೇ ನಿಂತಿದ್ದೆ. ‘ಓಕ್ ಕಾಡಿನ ಮಠ’ವೂ ಇಲ್ಲೇ ಇದೆ. ಬೋಳು ಮರಗಳ ನಡುವೆ ಸನ್ಯಾಸಿಗಳು ಶವಪೆಟ್ಟಿಗೆ ಹೊತ್ತು ಪಾಳುಬಿದ್ದ ಬಾಗಿಲತ್ತ ನಡೆಯುತ್ತಿದ್ದಾರೆ.

ಅಲ್ಲಿಂದ ಡ್ರೆಸ್ಡೆನ್‌ಗೆ ರೈಲಿನಲ್ಲಿ ಸುಮಾರು ಎರಡು ಗಂಟೆ. ಅಲ್ಬರ್ಟಿನಂ ಮ್ಯೂಸಿಯಂನಲ್ಲಿ ಎರಡು ಚಿತ್ರಗಳನ್ನು ಒಟ್ಟಿಗೆ ಮನಸ್ಸಿನಲ್ಲಿಟ್ಟು ನೋಡಿ. ಒಂದರಲ್ಲಿ ಹಿಮದಲ್ಲಿರುವ ಪ್ರಾಚೀನ ಕಲ್ಲುಗೋರಿಯ ಸುತ್ತ ಮೂರು ಓಕ್ ಮರಗಳು. ಕೊಂಬೆ ಮುರಿದರೂ ನಿಂತೇ ಇವೆ. ಕ್ರೈಸ್ತ ಧರ್ಮಕ್ಕೂ ಹಿಂದಿನ ಕಾಲದ ಗುರುತು ಅವು ಅನ್ನುವವರಿದ್ದಾರೆ. 1806ರಲ್ಲಿ ನೆಪೋಲಿಯನ್‌ಗೆ ಸೋತ ನಾಡಿನ ಛಲ ಅನ್ನುವವರೂ ಇದ್ದಾರೆ. ನನಗೆ ಎರಡೂ ಒಪ್ಪಿಗೆ. ಇನ್ನೊಂದು, ಬೆಟ್ಟದ ತುದಿಯ ಶಿಲುಬೆಯ ಚಿತ್ರ. ಇದರಲ್ಲಿ ಊಹೆಯೇ ಬೇಡ. ಸದಾ ಹಸಿರಾದ ಫರ್ ಮರಗಳು ಕ್ರಿಸ್ತನ ಮೇಲಿನ ಭರವಸೆಯ ಹಾಗೆ ಎಂದು ಫ್ರೀಡ್ರಿಕ್ ತಾನೇ ವಿವರಿಸಿದ್ದ.

ಮರುದಿನ ನಿಜವಾದ ಮರಗಳನ್ನು ನೋಡಲು ಡ್ರೆಸ್ಡೆನ್‌ನಿಂದ ಎಸ್1 ಲೋಕಲ್ ರೈಲು ಹಿಡಿದು ರಾಥೆನ್ ಎಂಬ ಊರಿಗೆ ಹೋಗಿ. ಎಲ್ಬೆ ನದಿಯನ್ನು ಫೆರಿಯಲ್ಲಿ ದಾಟಿದರೆ ಬಾಸ್ಟೈ ಬಂಡೆಗಳಿಗೆ ಹತ್ತುವ ದಾರಿ ಸಿಗುತ್ತದೆ. ಹಿಮ ಬಿದ್ದಿದ್ದರೆ ಮೆಟ್ಟಿಲು ಜಾರುತ್ತವೆ, ಹಿಡಿತವಿರುವ ಶೂ ಬೇಕೇ ಬೇಕು. ಚಿತ್ರದಲ್ಲಿದ್ದ ಅದೇ ಮರವನ್ನು ಮಾತ್ರ ಹುಡುಕಬೇಡಿ. ಅವನು ಹೊರಗೆ ಪೆನ್ಸಿಲ್ಲಿನಲ್ಲಿ ಒಂದೊಂದೇ ಮರ ಬರೆದುಕೊಂಡು, ಆಮೇಲೆ ಸ್ಟುಡಿಯೋದಲ್ಲಿ ಕೂತು ಜೋಡಿಸುತ್ತಿದ್ದ. ಅದರ ಬದಲು ಒಂದು ಮರ ಆರಿಸಿ, ಕೊಂಬೆ ಎಲ್ಲಿ ತಿರುಗುತ್ತದೆ, ಎಲ್ಲಿ ಮುರಿದಿದೆ ಅಂತ ನಿಧಾನವಾಗಿ ನೋಡಿ.

ಎರಡೂ ಮ್ಯೂಸಿಯಂಗಳಿಗೆ ಸೋಮವಾರ ರಜೆ. ಚಿತ್ರಗಳು ಕೆಲವೊಮ್ಮೆ ಬೇರೆ ಊರಿನ ಪ್ರದರ್ಶನಕ್ಕೆ ಹೋಗಿರುತ್ತವೆ. ಆದ್ದರಿಂದ ರೈಲು ಟಿಕೆಟ್ ತೆಗೆಯುವ ಮೊದಲೇ ವೆಬ್‌ಸೈಟ್ ನೋಡಿಕೊಳ್ಳಿ.