‘ಸ್ಯಾಟರ್ನೈನ್’ ಅಂದರೆ ಶನಿ ಹಿಡಿದವನಾ?

ಬಾಗಲಕೋಟೆಯಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ನಾನು ಇಂಗ್ಲಿಷ್ ಹೇಳಿಕೊಡುತ್ತೇನೆ. ಪ್ರತಿ ಬ್ಯಾಚಿನಲ್ಲೂ ಯಾರಾದರೂ ಕೇಳುತ್ತಾರೆ: ‘ಸರ್, ಸ್ಯಾಟರ್ನೈನ್ ಅಂದ್ರ ಶನಿ ಹಿಡಿದವ ಅಂತೇನ್ರಿ?’

ಪದ ಹುಟ್ಟಿದ್ದು ಶನಿಯಿಂದಲೇ. ಆದರೆ ಅದು ಹೇಳುವುದು ಮನುಷ್ಯನ ಸ್ವಭಾವವನ್ನು, ಅವನ ದೆಸೆಯನ್ನಲ್ಲ. ಮಾತು ಕಡಿಮೆ, ನಗು ಇನ್ನೂ ಕಡಿಮೆ, ಮುಖದಲ್ಲಿ ಯಾವಾಗಲೂ ಒಂದು ಮಂಕು. ಅಂಥವನು ಸ್ಯಾಟರ್ನೈನ್.

ಸ್ಯಾಟರ್ನ್ ರೋಮನ್ನರ ಬೇಸಾಯದ ದೇವರು. ಡಿಸೆಂಬರಿನಲ್ಲಿ ಬರುತ್ತಿದ್ದ ಅವನ ಹಬ್ಬದಲ್ಲಿ ಗುಲಾಮರಿಗೂ ಬಿಡುವು, ಹಾಡು, ಊಟ, ಜೂಜು. ಇಷ್ಟು ಖುಷಿಯ ದೇವರಿಗೆ ಮಂಕು ಅಂಟಿದ್ದು ಅವನ ಹೆಸರಿನ ಗ್ರಹದಿಂದ. 1781ರಲ್ಲಿ ಯುರೇನಸ್ ಕಣ್ಣಿಗೆ ಬೀಳುವ ತನಕ ಶನಿಯೇ ಎಲ್ಲಕ್ಕಿಂತ ದೂರದ ಗ್ರಹ. ಸೂರ್ಯನನ್ನು ಒಂದು ಸಲ ಸುತ್ತಲು ಅದಕ್ಕೆ ಸುಮಾರು 29.5 ವರ್ಷ ಬೇಕು. ದೂರ, ನಿಧಾನ, ತಂಪು. ಅದರ ಪ್ರಭಾವದಲ್ಲಿ ಹುಟ್ಟಿದವರೂ ಹಾಗೇ ಇರುತ್ತಾರೆ ಅಂತ ಯುರೋಪಿನ ಹಳೆಯ ಜ್ಯೋತಿಷಿಗಳು ನಂಬಿದರು. ಕಪ್ಪು ಪಿತ್ತ ಹೆಚ್ಚಾದರೆ ಮನಸ್ಸು ಕುಗ್ಗುತ್ತದೆ ಎನ್ನುತ್ತಿದ್ದ ವೈದ್ಯರು ಆ ಪಿತ್ತವನ್ನೂ ಶನಿಗೇ ಸೇರಿಸಿದರು. ರಸವಾದಿಗಳು ಸೀಸವನ್ನು ಸೇರಿಸಿದರು. ಸೀಸದ ವಿಷ ಏರುವುದಕ್ಕೆ ಸ್ಯಾಟರ್ನಿಸಂ ಎಂಬ ಹೆಸರು ಬಂದದ್ದು ಅದಕ್ಕೇ. ಇಂಗ್ಲಿಷಿನಲ್ಲಿ ಸ್ಯಾಟರ್ನೈನ್ 15ನೇ ಶತಮಾನದಿಂದ ಬಳಕೆಯಲ್ಲಿದೆ.

ನಮ್ಮ ಹಿರಿಯರೂ ಈ ನಿಧಾನವನ್ನು ಗಮನಿಸಿದ್ದರು. ಶನೈಶ್ಚರ ಅಂದರೆ ಮೆಲ್ಲಗೆ ನಡೆಯುವವನು. 29.5 ವರ್ಷವನ್ನು ಹನ್ನೆರಡು ರಾಶಿಗೆ ಹಂಚಿ ನೋಡಿ, ಒಂದೊಂದಕ್ಕೆ ಹತ್ತಿರ ಹತ್ತಿರ ಎರಡೂವರೆ ವರ್ಷ. ಮೂರು ರಾಶಿ ದಾಟಿದರೆ ಏಳೂವರೆ. ಅದೇ ಸಾಡೇಸಾತಿ! ಶನಿವಾರ ತುಳಸಿಗೇರಿ ಹಣಮಪ್ಪನ ಗುಡಿಗೆ ಹೋಗಿ ಬಂದ ಹುಡುಗರಿಗೆ ಈ ಲೆಕ್ಕ ತೋರಿಸಿದರೆ ಪದ ತಾನಾಗಿಯೇ ತಲೆಯಲ್ಲಿ ಕೂರುತ್ತದೆ.

ಒಂದು ಮಾತು ಮಾತ್ರ ಒತ್ತಿ ಹೇಳುತ್ತೇನೆ. ನಮ್ಮಲ್ಲಿ ‘ಶನಿ’ ಬೈಗುಳ. ಸ್ಯಾಟರ್ನೈನ್ ಬೈಗುಳ ಅಲ್ಲ. ಹಾಗೆಯೇ, ಮನೆಯಲ್ಲಿ ಸಾವಾಗಿ ಅಳುತ್ತಿರುವವರಿಗೆ, ಪರೀಕ್ಷೆ ಫೇಲಾಗಿ ಎರಡು ದಿನ ಸಪ್ಪಗಿರುವವನಿಗೆ ದಯವಿಟ್ಟು ಇದನ್ನು ಬಳಸಬೇಡಿ. ಅವರದು ದುಃಖ. ಕಾರಣ ಇದೆ, ಕಳೆಯುತ್ತದೆ. ಸ್ಯಾಟರ್ನೈನ್ ಮನುಷ್ಯ ಮದುವೆ ಮನೆಯಲ್ಲೂ ಹಾಗೇ ಕೂತಿರುತ್ತಾನೆ, ಅಲ್ವಾ?

ವಿರುದ್ಧ ಪದ ಕೇಳಿದರೆ ಜೋವಿಯಲ್ ಎಂದು ಬರೆಯಿರಿ. ಅದು ಜೋವ್, ಅಂದರೆ ಜೂಪಿಟರ್ ಹೆಸರಿನಿಂದ ಬಂದದ್ದು. ನಮ್ಮ ಗುರು ಗ್ರಹ.